ಸಂಧಾನದ ಮನೆಯ ಹಾಸಿಗೆಗಳು

ಚುನಾವಣೆಯಲ್ಲಿ ಜನರಲ್ ಗೆಲ್ಲುತ್ತಾರೆಂದು ಊರೆಲ್ಲ ಅಂದುಕೊಂಡಿತ್ತು. ಗೆದ್ದವರು ಶಿಶುವಿಹಾರ ನಡೆಸುತ್ತಿದ್ದ ಟೀಚರಮ್ಮ. ಸಂಧಾನದ ಮನೆಯ ಹಜಾರದಲ್ಲಿ ಹಾಸಿಗೆ ಹಾಸುವುದು ನನ್ನ ಕೆಲಸ. ಹಾಸುವಾಗ ಜನರಲ್ ಗೆದ್ದ ಆ ಇನ್ನೊಂದು ಲೋಕ ಒಮ್ಮೊಮ್ಮೆ ನನ್ನ ಕಣ್ಣಿಗೆ ಕಟ್ಟುತ್ತದೆ. ಅಲ್ಲಿ ಇದೇ ಹಜಾರದ ತುಂಬ ಯುದ್ಧದ ನಕ್ಷೆಗಳಿವೆ, ಹಾಸಿಗೆಗಳಿಲ್ಲ.

ದೇಶದ ಚುಕ್ಕಾಣಿ ಹಿಡಿದ ಮೇಲೂ ಟೀಚರಮ್ಮ ಶಿಶುವಿಹಾರದ ನಿಯಮ ಬಿಡಲಿಲ್ಲ. ಯುದ್ಧ ನಿಲ್ಲಿಸುವ ಸಂಧಾನಕ್ಕೆ ಬಂದ ಎರಡೂ ಕಡೆಯ ದೊಡ್ಡ ಮನುಷ್ಯರು ಊಟವಾದ ಮೇಲೆ ಸಾಲಾಗಿ ಮಲಗಬೇಕು. ಮಲಗಿದವರನ್ನು ಯಾರೂ ಎಬ್ಬಿಸಕೂಡದು. ಪತ್ರಿಕೆಗಳು ಮೂಗು ಮುರಿದವು. ನಾನೂ ಮುರಿದಿದ್ದೆ. ಆದರೆ ಬೆಳಗ್ಗೆ ಮೇಜು ಗುದ್ದಿದವರು ಮಧ್ಯಾಹ್ನ ಬಾಯಿ ಬಿಟ್ಟುಕೊಂಡು ಮಲಗಿದ್ದನ್ನು ಕಂಡರೆ ಯಾರ ಮೇಲೆ ತಾನೇ ಸಿಟ್ಟು ಉಳಿಯುತ್ತದೆ?

ಅಂದು ಮಾತ್ರ ನನಗೆ ಊಟ ಸೇರಿರಲಿಲ್ಲ. ಕದನವಿರಾಮ ಮುಗಿಯಿತೆನ್ನುವ ಪತ್ರವನ್ನು ಶತ್ರುದೇಶದ ರಾಯಭಾರಿ ಮಧ್ಯಾಹ್ನ ನಾಲ್ಕು ಹೊಡೆಯುವುದರೊಳಗೆ ಟೀಚರಮ್ಮನ ಕೈಗೆ ಕೊಟ್ಟರೆ, ಸಂಜೆಗೇ ನದಿಯ ದಡದಲ್ಲಿ ಫಿರಂಗಿ ಶುರು. ಕೊಡದಿದ್ದರೆ ವಿರಾಮ ತಾನಾಗಿಯೇ ಮುಂದುವರಿಯುತ್ತದೆ. ಆ ದಡದಲ್ಲೇ ನನ್ನ ತಮ್ಮ ಸಿಪಾಯಿಯಾಗಿ ಇದ್ದ, ಅಮ್ಮ ಹೋದ ಮೇಲೆ ನಾನೇ ಎತ್ತಿ ಆಡಿಸಿದವನು.

ಪರದೆ ಎಳೆದ ಹಜಾರದಲ್ಲಿ ಮಬ್ಬು ಬೆಳಕು ತೇಲುತ್ತಿತ್ತು. ಉಳಿದವರೆಲ್ಲ ಎದ್ದು ಹೋಗಿದ್ದರು, ರಾಯಭಾರಿ ಒಬ್ಬರೇ ಇನ್ನೂ ಮಲಗಿದ್ದರು. ಅವರ ಕಾರ್ಯದರ್ಶಿ ಬಾಗಿಲಿಗೆ ಬಂದ. ಮಲಗುವ ಹಜಾರದ ನಿಯಮದಂತೆ ಅವನು ಹೊಸ್ತಿಲು ದಾಟುವಂತಿರಲಿಲ್ಲ.

"ಸಾಹೇಬರನ್ನ ಎಬ್ಬಿಸಮ್ಮ. ಟೈಮ್ ಆಗೋಯ್ತು," ಎಂದು ಪಿಸುಗುಟ್ಟಿದ.

"ಎಬ್ಬಿಸೋ ಹಾಗಿಲ್ಲಪ್ಪ. ಆ ನಿಯಮಕ್ಕೆ ನಿಮ್ಮ ಸಾಹೇಬರೇ ಸಹಿ ಹಾಕಿದಾರೆ."

"ನಿಜವಾಗ್ಲೂ ನಿದ್ದೆ ಬಂದಿದೆಯಾ? ನೋಡಿ ಹೇಳು."

ಹೋಗಿ ಬಗ್ಗಿ ನೋಡಿದೆ. ರೆಪ್ಪೆಗಳು ಅದುರುತ್ತಿದ್ದವು. ತಮ್ಮನ ಕಳ್ಳನಿದ್ದೆ ದಿನಾ ಕಂಡವಳು ನಾನು, ಈ ವಿದ್ಯೆಯಲ್ಲಿ ನನ್ನ ಕಣ್ಣಿಗೆ ಮಣ್ಣೆರಚುವುದು ಕಷ್ಟ. ರಾಯಭಾರಿಗೆ ಪೂರ್ತಿ ಎಚ್ಚರವಿತ್ತು. ಅವರೂ ನನ್ನ ಹಾಗೆಯೇ ಗಡಿಯಾರಕ್ಕೆ ಕಿವಿಗೊಟ್ಟು ಕಾಯುತ್ತಿದ್ದರು.

"ಗಾಢ ನಿದ್ದೆ," ಎಂದೆ. ಹೊದಿಕೆಯನ್ನು ಅವರ ಕತ್ತಿನವರೆಗೂ ಎಳೆದೆ.

ಕಾರ್ಯದರ್ಶಿ ಹೊರಗೆ ಶತಪಥ ಹಾಕತೊಡಗಿದ. ಗಡಿಯಾರ ನಾಲ್ಕು ಹೊಡೆಯಿತು. ರಾಯಭಾರಿ ಕಣ್ಣು ತೆರೆಯಲಿಲ್ಲ. ಮಗ್ಗುಲು ಬದಲಿಸಿ ಉದ್ದಕ್ಕೆ ಉಸಿರು ಬಿಟ್ಟರು. ರೆಪ್ಪೆಗಳ ಅದುರು ನಿಂತಿತು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು, ಈ ಸಲ ನಿಜವಾದದ್ದು.

ಅವರ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತು ಸದ್ದಾಗದಂತೆ ಅತ್ತೆ. ಜನರಲ್ ಗೆದ್ದ ಆ ಇನ್ನೊಂದು ಲೋಕದಲ್ಲಿ ಇದೇ ಸಂಜೆ ತಮ್ಮನನ್ನು ಕಳೆದುಕೊಂಡ ಅಕ್ಕನ ಪಾಲನ್ನೂ ಸೇರಿಸಿ ಅತ್ತೆ.