ಕುರ್ಚಿಯ ಮೇಲಿನ ನಿಲುವಂಗಿ

"ಕೈ ತೊಳ್ಕೊಂಡು ಮುಟ್ಟೇ, ಕತ್ತೆ. ನಿನ್ನ ಮನೆ ಮಸಿಬಟ್ಟೆ ಅಂದ್ಕೊಂಡ್ಯಾ ಇದನ್ನ?"

ಪ್ರಾಚೀನ ಭಾಷೆಗಳ ವಿಭಾಗದ ಗುಮಾಸ್ತ ಕೆಂಪು ನಿಲುವಂಗಿಯನ್ನು ಇಸ್ತ್ರಿ ಮೇಜಿನ ಮೇಲೆ ಹಾಸಿ ಹಿಂದೆ ಸರಿದು ನಿಂತ. ವಿಶ್ವವಿದ್ಯಾಲಯದ ಬಟ್ಟೆಮನೆಯ ಉಗಿ, ಸೋಪು, ಬೆವರಿನ ವಾಸನೆ ಅವನಿಗೆ ಆಗುತ್ತಿರಲಿಲ್ಲ. ಎಲ್ಲರೂ ಇಸ್ತ್ರಿ ಅಕ್ಕ ಎಂದೇ ಕರೆಯುವ ಅವಳು ಕೈ ತೊಳೆಯಲಿಲ್ಲ. ಬೆಳಗಿನಿಂದ ಸೋಪಿನ ನೀರಲ್ಲೇ ನೆನೆದು ಬೆರಳುಗಳು ಬಿಳಿಚಿಕೊಂಡಿದ್ದವು. ಇನ್ನೆಷ್ಟು ತೊಳೆಯುವುದು.

ಈ ನಿಲುವಂಗಿ ವರ್ಷಕ್ಕೊಮ್ಮೆ ಅವಳ ಮೇಜಿಗೆ ಬರುತ್ತಿತ್ತು. ಹಳೆಯ ಭಾಷೆ ಓದುವವರಲ್ಲಿ ಮೊದಲು ಬಂದವರಿಗೆ ಒಂದು ಬಹುಮಾನ, ಜೊತೆಗೆ ಮುಂದಿನ ಓದಿಗೆ ವಿದ್ಯಾರ್ಥಿವೇತನ. ಯಾವುದೋ ಕಾಲದ ದೊಡ್ಡ ಮನುಷ್ಯರೊಬ್ಬರು ಇಟ್ಟು ಹೋದದ್ದು. ಅವರು ತೊಡುತ್ತಿದ್ದ ಅಂಗಿಯೇ ಇದು. ಗೆದ್ದವರು ಇದನ್ನು ತೊಟ್ಟು ವೇದಿಕೆಯ ಮೇಲೆ ನಿಂತು ಹಳೆಯ ಪದ್ಯ ಹೇಳಬೇಕು. ಹೇಳಿ ಮುಗಿಸಿದ ಮೇಲೆ ಆ ಮನೆತನದ ಸೊಸೆ, ಎಲ್ಲರೂ ಅಮ್ಮಾವ್ರು ಅನ್ನುವ ಹೆಂಗಸು, ಅದರ ಕೊರಳಪಟ್ಟಿಗೆ ಮುತ್ತಿಡಬೇಕು. ಅದು ಅವರ ಪದ್ಧತಿ.

ಇಸ್ತ್ರಿ ಅಕ್ಕನದೂ ಒಂದು ಪದ್ಧತಿ ಇತ್ತು. ಬಾಯಿ ತುಂಬ ನೀರು ತುಂಬಿಕೊಂಡು ಬಟ್ಟೆಯ ಮೇಲೆ ಪುರ್ರೆಂದು ಊದುವುದು. ಕೈಯಿಂದ ಚಿಮುಕಿಸಿದರೆ ದಪ್ಪ ಹನಿ ಬಿದ್ದು ಕಲೆ ಕೂರುತ್ತದೆ. ಬಾಯಿಂದ ಊದಿದರೆ ಇಬ್ಬನಿಯ ಹಾಗೆ ಹರಡುತ್ತದೆ. ಹಳೆಯ ಕೊರಳಪಟ್ಟಿ ಸುಲಭಕ್ಕೆ ಬಗ್ಗದು, ಅದಕ್ಕೆ ಇನ್ನೊಂದು ಬಾಯಿ ನೀರು ಹೆಚ್ಚು ಬೇಕು. ವರ್ಷ ವರ್ಷವೂ ಅಮ್ಮಾವ್ರು ತುಟಿ ಒತ್ತುತ್ತಿದ್ದದ್ದು ಅಲ್ಲಿಗೇ.

"ಈ ಸಲ ಯಾರಿಗೆ ಸ್ವಾಮಿ ಬಹುಮಾನ?" ಗೊತ್ತಿದ್ದೂ ಕೇಳಿದಳು.

"ಯಾವ್ದೋ ಹುಡುಗಿ. ಅವರಪ್ಪ ಬಟ್ಟೆ ವ್ಯಾಪಾರಿ ಆಗಿದ್ನಂತೆ. ನಿಂಗ್ಯಾಕೆ ಊರ ಉಸಾಬರಿ?"

ಆ ಹುಡುಗಿ ಅವಳ ಒಡಹುಟ್ಟಿದ ತಂಗಿ. ಮನೆಯಲ್ಲಿ ಎಲ್ಲರಿಗೂ ಅವಳು ಗಿಣಿ. ಹೊಗೆ ಹಿಡಿದ ಒಂದೇ ಕೋಣೆಯ ಮೂಲೆಯಲ್ಲಿ ಕೂತು ಯಾವತ್ತೋ ಸತ್ತವರ ಭಾಷೆಯನ್ನು ಉರುಹೊಡೆಯುತ್ತಿದ್ದಳು. ಅವಳು ಓದುವಾಗ ಅವ್ವ ಪಾತ್ರೆಯನ್ನೂ ಸದ್ದಾಗದಂತೆ ಇಡುತ್ತಿದ್ದಳು. ಹಾಲಿನ ಕೆನೆ ಗಿಣಿಗೆ, ಕಿಟಕಿಯ ಬೆಳಕು ಗಿಣಿಗೆ. ಅಪ್ಪ ತೀರಿಕೊಂಡ ವರ್ಷ ಶಾಲೆ ಬಿಡಿಸಿ ಇಸ್ತ್ರಿ ಮೇಜಿಗೆ ನಿಲ್ಲಿಸಿದ್ದು ಮಾತ್ರ ದೊಡ್ಡವಳನ್ನು. ಮೇಜು ಎಟುಕದೆ ಇಟ್ಟಿಗೆಯ ಮೇಲೆ ನಿಂತಿದ್ದಳು ಆಗ. ಗಿಣಿಯ ನುಣುಪು ಕೈ ನೋಡಿದಾಗೆಲ್ಲ ಇವಳಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ಆ ಕೈಗೆ ಒಂದು ಸಲವಾದರೂ ಇಸ್ತ್ರಿಪೆಟ್ಟಿಗೆ ತಾಗಲಿ ಎಂದು ಹಾರೈಸಿದ್ದೂ ಉಂಟು. ಹಾರೈಸಿ ನಾಚಿಕೊಂಡಿರಲಿಲ್ಲ.

ಇವತ್ತು ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಾ ಗಿಣಿ ಹೇಳಿದ್ದಳು:

"ಅಕ್ಕಾ, ನೀನು ಸಭೆ ಕಡೆ ಬರ್ಬೇಡ. ಬಂದ್ರೂ ನನ್ನ ಮಾತಾಡಿಸ್ಬೇಡ."

"ಯಾಕೆ, ನಾನೇನು ಕಚ್ತೀನಾ?"

"ಅಲ್ಲಿ ಯಾರಿಗೂ ಗೊತ್ತಿಲ್ಲ ಕಣೇ, ನಾವು ಯಾರು ಅಂತ."

ಅವ್ವ ಒಲೆಯ ಮುಂದಿನಿಂದ ತಿರುಗದೆಯೇ ಅಂದಳು, "ಹೂಂ ಅನ್ನೇ. ಒಬ್ಳಾದ್ರೂ ಈ ಕೊಚ್ಚೆಯಿಂದ ಎದ್ದು ಹೋಗ್ಲಿ."

ಆಗ ಇಸ್ತ್ರಿ ಅಕ್ಕ ಹೂಂ ಅಂದಿದ್ದಳು. ಈಗ ಕೆಂಪು ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಜಾರಿಸುತ್ತಾ, ಇದು ಗಿಣಿಯ ಹೆಗಲಿಗೆ ಹೇಗೆ ಒಪ್ಪುತ್ತದೆಂದು ಊಹಿಸಿಕೊಂಡಳು. ಬಟ್ಟೆ ವ್ಯಾಪಾರಿಯ ಮಗಳಂತೆ. ತಡೆಯಲಾಗಲಿಲ್ಲ.

"ವ್ಯಾಪಾರಿ ಅಲ್ಲ ಸ್ವಾಮಿ, ಬಟ್ಟೆ ಒಗೀತಿದ್ದ. ಅಗೋ ಆ ಕಲ್ಲಿನ ಹತ್ರಾನೇ ಎದೆ ಹಿಡ್ಕೊಂಡು ಬಿದ್ದು ಸತ್ತ. ಆ ಹುಡುಗಿ ನನ್ನ ತಂಗಿ."

ಗುಮಾಸ್ತ ಅವಳನ್ನೊಮ್ಮೆ, ನಿಲುವಂಗಿಯನ್ನೊಮ್ಮೆ ನೋಡಿ ಬಿರಬಿರನೆ ಹೊರಟ. ಅವಳ ಎದೆ ತಣ್ಣಗಾಯಿತು. ಬಹಳ ವರ್ಷದಿಂದ ಅಷ್ಟು ತಣ್ಣಗಾಗಿರಲಿಲ್ಲ.

ಮಧ್ಯಾಹ್ನ ಸಭಾಂಗಣದಿಂದ ಕರೆ ಬಂತು. ಸುಕ್ಕು ಬೀಳದ ಹಾಗೆ ನಿಲುವಂಗಿ ಹಿಡಿಯುವುದು ಗುಮಾಸ್ತನ ಕೈಯಲ್ಲಾಗದ ಕೆಲಸ. ಅವಳು ಅದನ್ನು ಎರಡೂ ತೋಳಿನ ಮೇಲೆ ಹೊತ್ತು ವೇದಿಕೆಯ ಹಿಂದಿನ ಕೋಣೆಯ ಬಾಗಿಲಿಗೆ ಹೋದಳು. ಒಳಗೆ ವಿಭಾಗದ ಮುಖ್ಯಸ್ಥರು, ಅಮ್ಮಾವ್ರು, ಅವರೆದುರು ಗಿಣಿ.

"ಬಹುಮಾನ ನಿನ್ನದೇ ಕಣಮ್ಮ, ಯಾರೂ ಕಿತ್ಕೊಳ್ತಿಲ್ಲ," ಮುಖ್ಯಸ್ಥರು ಕನ್ನಡಕ ಒರೆಸುತ್ತಿದ್ದರು. "ನಿಲುವಂಗಿ ಮಾತ್ರ ಈ ಸಲ ಕುರ್ಚಿ ಮೇಲಿರುತ್ತೆ. ನೀನು ಪಕ್ಕದಲ್ಲಿ ನಿಂತು ಪದ್ಯ ಹೇಳು."

"ಯಾಕೆ ಸರ್?"

"ಯಾಕೆ ಅಂದ್ರೆ... ನೀನು ಮನೆ ವಿಷಯ ಮುಚ್ಚಿಟ್ಟಿದ್ದು ತಪ್ಪಲ್ವಾ?"

ಅಮ್ಮಾವ್ರು ಮೂಗಿಗೆ ಕರವಸ್ತ್ರ ಹಿಡಿದರು. "ಬಟ್ಟೆ ಒಗೆಯೋರ ಮೇಲೆ ನಂಗೇನೂ ಇಲ್ಲಪ್ಪ. ಅವರಿಲ್ದೆ ನಮ್ಗೆ ನಡಿಯುತ್ತಾ? ಆದ್ರೆ ನಮ್ಮ ಹಿರಿಯರ ಮೈಮೇಲಿದ್ದ ಬಟ್ಟೆ ಅದು. ಅವಳ ಮೈಗೆ ತಾಗಿದ್ಮೇಲೆ ನಾನು ಬಾಯಿ ಇಡೋದು ಹೇಗೆ ಹೇಳಿ."

"ಆಗ್ಲಿ ಸರ್," ಅಂದಳು ಗಿಣಿ.

ಆ 'ಆಗ್ಲಿ ಸರ್' ಇಸ್ತ್ರಿ ಅಕ್ಕನಿಗೆ ಗೊತ್ತಿದ್ದ ದನಿ. ಅಪ್ಪ ಹಾಗೇ ಅನ್ನುತ್ತಿದ್ದ, ಅವ್ವ ಅನ್ನುತ್ತಾಳೆ, ತಾನೂ ಅನ್ನುತ್ತಾಳೆ. ಅಷ್ಟೊಂದು ಪುಸ್ತಕ ಓದಿದವಳ ಬಾಯಲ್ಲೂ ಅದೇ ಬರುತ್ತದೆಂದು ಅವಳು ಎಣಿಸಿರಲಿಲ್ಲ.

ಹೊರಬರುವಾಗ ಗಿಣಿ ಬಾಗಿಲಲ್ಲಿ ನಿಂತಳು.

"ಖುಷಿ ಆಯ್ತೇನೇ?"

ಆಗಿತ್ತು, ಬೆಳಿಗ್ಗೆ. ಗಿಣಿ ಉತ್ತರಕ್ಕೆ ಕಾಯದೆ ಹೋಗಿ ವೇದಿಕೆಯ ನಡುವೆ ನಿಂತಳು, ಬಣ್ಣ ಮಾಸಿದ ತನ್ನ ಉಡುಪಿನಲ್ಲಿ. ಪಕ್ಕದಲ್ಲಿ ಎತ್ತರದ ಬೆನ್ನಿನ, ಮೆತ್ತೆ ಹಾಕಿದ ಖಾಲಿ ಕುರ್ಚಿ. ಕೆಳಗೆ ಸಭಾಂಗಣ ತುಂಬಿತ್ತು. ಅಮ್ಮಾವ್ರು ಮೊದಲ ಸಾಲಿಗೆ ಹೋಗಿ ಕೂತರು.

ಗುಮಾಸ್ತ ಪಿಸುಗುಟ್ಟಿದ, "ಚಪ್ಪಲಿ ಇಲ್ಲೇ ಬಿಡು. ಕುರ್ಚಿ ಮೇಲಿಟ್ಟು ತಲೆ ತಗ್ಗಿಸ್ಕೊಂಡು ಬಾ. ಯಾರ ಮುಖಾನೂ ನೋಡ್ಬೇಡ ಮುಂಡೇದೆ."

ಅವಳು ಚಪ್ಪಲಿ ಬಿಡಲಿಲ್ಲ. ಚಟಚಟ ಸದ್ದು ಮಾಡುತ್ತಾ ವೇದಿಕೆ ಹತ್ತಿದಳು. ಕುರ್ಚಿಯ ಮುಂದೆ ನಿಂತು ನಿಲುವಂಗಿಯನ್ನು ಬಿಡಿಸಿದಳು. ಒಂದು ತೋಳು ಹಾಕಿದಳು, ಇನ್ನೊಂದು ತೋಳು ಹಾಕಿದಳು, ಕೊರಳಪಟ್ಟಿ ಸರಿಮಾಡಿಕೊಂಡಳು. ಆಮೇಲೆ ಕುರ್ಚಿಯಲ್ಲಿ ಕೂತಳು. ಇಷ್ಟು ವರ್ಷ ಮುಟ್ಟಿದ್ದರೂ ಅದು ಒಳಗಿನಿಂದ ಇಷ್ಟು ಬೆಚ್ಚಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಮುಖ್ಯಸ್ಥರು ಓಡಿ ಬಂದರು.

"ಏಯ್, ಏನೇ ಇದು? ತೆಗಿ. ತೆಗಿಯೇ."

"ಕುರ್ಚಿ ಮೇಲಿರ್ಬೇಕು ಅಂದ್ರಲ್ಲ ಸ್ವಾಮಿ. ಕುರ್ಚಿ ಮೇಲೇ ಇದೆ."

"ಎಳೀರೋ ಆ ಕೊಳಕು ಮುಂಡೇನ," ಅಂದರು ಅಮ್ಮಾವ್ರು ಎದ್ದು ನಿಂತು. ಕರವಸ್ತ್ರ ಕೈಯಿಂದ ಜಾರಿತ್ತು.

"ಬನ್ನಿ ಅಮ್ಮಾವ್ರೇ, ಮುತ್ತಿಡಿ." ಅವಳು ಕೊರಳಪಟ್ಟಿಯನ್ನು ಮುಂದೆ ಎಳೆದು ತೋರಿಸಿದಳು. "ವರ್ಷ ವರ್ಷ ಇಲ್ಲಿಗೆ ಬಾಯಿ ತುಂಬ ನೀರು ತುಂಬ್ಕೊಂಡು ಉಗಿಯೋಳು ನಾನೇ. ಇವತ್ತಿಂದು ಇನ್ನೂ ಪೂರಾ ಆರಿಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಮ್ಮಾವ್ರು ಬೆರಳಿನಿಂದ ತುಟಿ ಉಜ್ಜಿಕೊಳ್ಳತೊಡಗಿದರು. ಎರಡೂ ಕಡೆಯ ಮೆಟ್ಟಿಲಿನಿಂದ ಕಾವಲುಗಾರರು ಹತ್ತುತ್ತಿದ್ದರು. ಇಸ್ತ್ರಿ ಅಕ್ಕ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ಹೇಳೇ ಗಿಣಿ. ಮನೇಲಿ ನನ್ನ ತಲೆ ತಿಂತಿದ್ದೆಯಲ್ಲ, ಈಗ ಇವರ ಮುಂದೆ ಹೇಳು."

ಗಿಣಿ ಅವಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿತ್ತು. ಸಿಟ್ಟಿನ ಜೊತೆಗೆ ಇನ್ನೊಂದಿತ್ತು. ಇಷ್ಟು ವರ್ಷ ತನ್ನ ಕಣ್ಣಲ್ಲೇ ಇದ್ದದ್ದಾದ್ದರಿಂದ ಇಸ್ತ್ರಿ ಅಕ್ಕ ಅದರ ಗುರುತು ಹಿಡಿದಳು. ತಂಗಿ ಅಕ್ಕನ ಮೈಮೇಲಿನ ಕೆಂಪು ಬಟ್ಟೆಯನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದಳು.

ಆಮೇಲೆ ಗಿಣಿ ಸಭೆಯ ಕಡೆ ತಿರುಗಿ, ಮನೆಯಲ್ಲಿ ಯಾವತ್ತೂ ಹೇಳದಷ್ಟು ಗಟ್ಟಿಯಾಗಿ ಪದ್ಯ ಶುರುಮಾಡಿದಳು. ಕಾವಲುಗಾರರು ತೋಳು ಹಿಡಿದು ಎಳೆದರು. ಹೆಗಲಿನ ಹೊಲಿಗೆ ಪರ್ರೆಂದು ಬಿಚ್ಚಿಕೊಂಡಿತು. ಒಂದಕ್ಷರವೂ ಅರ್ಥವಾಗದಿದ್ದರೂ ಇಸ್ತ್ರಿ ಅಕ್ಕ ಏಳಲಿಲ್ಲ, ಕುರ್ಚಿ ಬಿಡಲಿಲ್ಲ. ಪದ್ಯ ಇನ್ನೂ ಬಹಳ ಇತ್ತು.