ತೇಲಿದ್ದೋ, ಎಸೆದದ್ದೋ

ಬಂದರು ಕಚೇರಿಯ ಫಾರಂನಲ್ಲಿ ಇದ್ದದ್ದು ಎರಡೇ ಖಾನೆ: ಫ್ಲಾಟ್ಸಮ್, ಜೆಟ್ಸಮ್. ಗುಮಾಸ್ತನ ಪೆನ್ನು ಎರಡರ ನಡುವೆ ನಿಂತುಬಿಟ್ಟಿತ್ತು. ಎದುರಿಗೆ ಕೂತವರು ಸರಕಿನ ದೋಣಿ ನಡೆಸುವವರು. ಸಾಲದ್ದಕ್ಕೆ ಅವನ ಹೆಂಡತಿಯ ಅಪ್ಪ.

“ಹನ್ನೆರಡು ಪೆಟ್ಟಿಗೆ ಹೇಗೆ ಹೋದವು, ಮಾವ?”

“ಬಿರುಗಾಳಿ ಬಂತು. ಸಮುದ್ರ ಕೇಳ್ತು, ತಗೊಂಡ್ತು. ಅಷ್ಟೇ.”

“ಇದನ್ನೇ ಬರೆದ್ರೆ ನಿಮ್ಮ ಲೈಸೆನ್ಸೂ ನೀರುಪಾಲು!”

ಅಳಿಯನಿಗೆ ಪದಗಳ ಹುಚ್ಚು. ಕುರ್ಚಿ ಮುಂದೆಳೆದುಕೊಂಡ.

“ನೋಡಿ, ಫ್ಲಾಟ್ಸಮ್ ಅಂದ್ರೆ ತಾನಾಗೇ ಬಿದ್ದು ತೇಲಿ ಹೋದದ್ದು. ‘ತೇಲು’ ಅನ್ನೋ ಹಳೇ ಫ್ರೆಂಚ್ ಮಾತಿಂದ ಬಂದಿದೆ. ಜೆಟ್ಸಮ್ ಅಂದ್ರೆ ದೋಣಿ ಉಳಿಸೋಕೆ ಬೇಕಂತಲೇ ಎಸೆದದ್ದು. ಬೇರು ಲ್ಯಾಟಿನ್‌ದು, ‘ಎಸೆ’ ಅಂತ. ನೀವು ದೋಣಿ ಕಟ್ಟೋ ಜೆಟ್ಟಿನೂ ಅದೇ ವಂಶ, ನೀರಿಗೆ ಎಸೆದ ಹಾಗೆ ಚಾಚಿರೋದು!”

“ಪಾಪ, ನನ್ನ ಮಗಳು ಊಟಕ್ಕೆ ಕೂತಾಗಲೂ ಇದನ್ನೇ ಕೇಳ್ಬೇಕಾ?”

“ತಮಾಷೆ ಬಿಡಿ ಮಾವ. ತಾನಾಗೇ ಬಿತ್ತು ಅಂದ್ರೆ ನೀವು ಸರಿಯಾಗಿ ಕಟ್ಟಿರಲಿಲ್ಲ ಅಂತ. ಬಂದರಿನ ಸಾಹೇಬ್ರು ತಡೆಹಿಡಿದಿರೋ ಲೈಸೆನ್ಸ್ ವಾಪಸ್ ಕೊಡಲ್ಲ. ದೋಣಿ ಉಳಿಸೋಕೆ ಎಸೆದಿದ್ರೆ ತಪ್ಪಲ್ಲ. ನಿಜ ಹೇಳಿ, ಬಿತ್ತಾ, ಎಸೆದ್ರಾ?”

ಮಾವ ಮುಖ ತಿರುಗಿಸಿದರು. ಅವರ ಕಸುಬಿನಲ್ಲಿ ‘ನಾನು ಎಸೆದೆ’ ಎಂದು ಯಾರೂ ಬಾಯಿ ಬಿಡುವುದಿಲ್ಲ. ನಂಬಿ ಒಪ್ಪಿಸಿದ ಸರಕನ್ನು ಕೈಯಾರೆ ನೀರಿಗೆ ಹಾಕಿದವನು ಎಂಬ ಮಾತು ಯಾರಿಗೆ ಬೇಕು? ಎಲ್ಲರೂ ಸಮುದ್ರದ ತಲೆಗೇ ಕಟ್ಟುತ್ತಾರೆ.

“ಮೂವತ್ತು ವರ್ಷದಲ್ಲಿ ಒಂದು ಪೆಟ್ಟಿಗೇನೂ ಒದ್ದೆ ಮಾಡಿದವನಲ್ಲಪ್ಪ ನಾನು.”

“ದೋಣೀಲಿ ಎಷ್ಟು ಜನ ಇದ್ರಿ?”

“ಐದು.”

“ಐದೂ ಜನ ಮನೆ ಸೇರಿದ್ರಲ್ಲ!”

ಮಾವ ಟೇಬಲ್ಲಿನ ಅಂಚು ಸವರುತ್ತಾ ಕೂತರು.

“ಎಸೆದೆ,” ಎಂದರು ಕೊನೆಗೆ. “ಬರ್ಕೋ. ದೋಣಿ ಎಡಕ್ಕೆ ವಾಲಿತ್ತು. ಮೊದಲು ಎಡಗಡೆ ಮೇಲಿನ ನಾಲ್ಕು, ಆಮೇಲೆ ಅದರ ಕೆಳಗಿನ ಎಂಟು. ಹಗ್ಗ ಬಿಚ್ಚೋಕೆ ಹೊತ್ತಿರಲಿಲ್ಲ, ಕೊಯ್ದೆ.”

ಅಳಿಯ ಜೆಟ್ಸಮ್ ಖಾನೆಗೆ ಗುರುತು ಹಾಕಿದ.

ಸಾಹೇಬರು ಓದಿ, ಸೀದಾ ದೋಣಿಗೇ ನಡೆದರು. ಹಗ್ಗಗಳು ಇನ್ನೂ ಕೊಂಡಿಗಳಲ್ಲೇ ಇದ್ದವು. ಗಂಟು ಒಂದೂ ಜಾರಿರಲಿಲ್ಲ. ತುದಿಗಳನ್ನು ಮಾತ್ರ ಚಾಕುವಿನಿಂದ ನೀಟಾಗಿ ಕತ್ತರಿಸಲಾಗಿತ್ತು. ಸಾಹೇಬರು ಅಲ್ಲೇ ಸಹಿ ಹಾಕಿ ಲೈಸೆನ್ಸ್ ವಾಪಸ್ ಕೊಟ್ಟರು.

“ಸದ್ಯ! ನಡೀರಿ, ಮನೆಗೆ ಹೋಗೋಣ,” ಎಂದ ಅಳಿಯ.

“ನೀನು ಹೋಗು,” ಎಂದರು ಮಾವ ಲೈಸೆನ್ಸನ್ನು ಜೇಬಿಗಿಳಿಸುತ್ತಾ. “ಸರಕಿನವರಿಗೂ ನನ್ನ ಬಾಯಿಂದಲೇ ಹೇಳಿ ಬರ್ತೀನಿ.”