ಹಾಡಿಲ್ಲದೆ ಏಳದ ಕಾಲು

ಚಿಕ್ಕಮುನಿಯಪ್ಪನ ಕಾಲಿಗೆ ಓಟ ಕಲಿಸಿದ್ದು ಯಾವ ಡ್ರಿಲ್ ಮೇಷ್ಟ್ರೂ ಅಲ್ಲ, ಹಾಲಿನ ವ್ಯಾನು. ಬಂಗಾರಪೇಟೆ ಹೋಟ್ಲುಗಳಿಗೆ ಹಾಲು ಸಾಗಿಸೋ ಆ ವ್ಯಾನು ಕಾಮಸಮುದ್ರದ ರಸ್ತೆಯಲ್ಲಿರೋ ಅವನ ಹಳ್ಳಿಗೆ ಬೆಳಿಗ್ಗೆ ಬಂದು, ಸಿಕ್ಕಿದಷ್ಟು ಕ್ಯಾನು ಹತ್ತಿಸಿಕೊಂಡು ಹೊರಟುಬಿಡೋದು. ಡ್ರೈವರ್ ಸೀನಪ್ಪಂದು ಯಾರಿಗೂ ಕಾಯದ ಶಿಸ್ತು. ಚಿಕ್ಕಮುನಿಯಪ್ಪನ ನಾಟಿಹಸುವಿಂದು ವ್ಯಾನ್ ಹೊರಟ ಮೇಲೇ ಹಾಲು ಇಳಿಸೋ ಶಿಸ್ತು. ಈ ಎರಡು ಶಿಸ್ತಿನ ನಡುವೆ ಸಿಕ್ಕಿಬಿದ್ದ ಬಡಪಾಯಿ, ಚೊಂಬಿನಷ್ಟು ಹಾಲನ್ನ ಕ್ಯಾನಿಗೆ ಹುಯ್ದು, ಕ್ಯಾನನ್ನ ಹೆಗಲಿಗೇರಿಸಿ, ಮುಂದಿನ ಹಳ್ಳೀಲಿ ವ್ಯಾನ್ ನಿಲ್ಲೋವರೆಗೂ ಅದರ ಹಿಂದೆ ಓಡಬೇಕಿತ್ತು. ದಿನಾ.

ವ್ಯಾನಿನಲ್ಲೊಂದು ಟೇಪ್‌ರೆಕಾರ್ಡರ್. ಸೀನಪ್ಪನಿಗೆ ಹಾರನ್ ಮೇಲೆ ನಂಬಿಕೆ ಇರಲಿಲ್ಲ, ಹಾಡಿನ ಮೇಲಿತ್ತು. ಆಂಧ್ರದ ಗಡಿ ಪಕ್ಕ ತೆಲುಗು ಹಾಡು, ಬಂಗಾರಪೇಟೆ ಹತ್ತಿರವಾದಂಗೆ ಕನ್ನಡ, ಕೆಜಿಎಫ್‌ಗೆ ಬಾಡಿಗೆ ಸಿಕ್ಕಿದ್ರೆ ತಮಿಳು. ಒಂದೇ ಕ್ಯಾಸೆಟ್ಟಲ್ಲಿ ಮೂರು ರಾಜ್ಯ. ವರ್ಷಗಟ್ಟಲೆ ಆ ಹಾಡುಗಳ ಹಿಂದೆ ಓಡಿ ಓಡಿ ಚಿಕ್ಕಮುನಿಯಪ್ಪನ ಕಾಲು ಎಂಥ ಹದಕ್ಕೆ ಬಂದಿತ್ತು ಅಂದ್ರೆ, ಹಾಡು ಇದ್ರೆ ಕುದುರೆ, ಇಲ್ಲದಿದ್ರೆ ಕುದುರೆ ಕಟ್ಟೋ ಗೂಟ. ಒಂದು ಸಲ ಟೇಪ್‌ರೆಕಾರ್ಡರ್ ರಿಪೇರಿಗೆ ಹೋಗಿದ್ದಾಗ ಅರ್ಧ ದಾರಿಗೇ ಉಸಿರು ಕಟ್ಟಿ ಮೋರಿ ಮೇಲೆ ಕೂತುಬಿಟ್ಟಿದ್ದ. ಆವತ್ತಿನ ಹಾಲು ಮನೆಗೆ ವಾಪಸ್ ಬಂದು ಮೊಸರಾಯ್ತು.

ಎಂಬತ್ತೆಂಟನೇ ಇಸವೀಲಿ ಕೆಜಿಎಫ್‌ನ ನಂದಿದುರ್ಗ ಗಣಿಯಿಂದ ಬಂಗಾರಪೇಟೆಗೆ ಮ್ಯಾರಥಾನ್ ಅಂತ ಡಂಗುರ ಆಯ್ತು. ಮ್ಯಾರಥಾನ್ ಅಂದ್ರೆ ಇಪ್ಪತ್ತಾರು ಮೈಲಿ ಅಂತ ಓದಿಕೊಂಡೋರು ತಕರಾರು ತೆಗೆದ್ರು. ನಂದಿದುರ್ಗ ಎಲ್ಲೈತೋ ಅಲ್ಲೇ ಇರ್ತದೆ, ಬಂಗಾರಪೇಟೆ ಎಲ್ಲೈತೋ ಅಲ್ಲೇ ಇರ್ತದೆ, ನಡುವೆ ಎಷ್ಟಿದ್ರೆ ಅಷ್ಟೇ ಮ್ಯಾರಥಾನ್ ಅಂತ ಕಮಿಟಿ ತೀರ್ಮಾನ ಮಾಡ್ತು. ಕಮಿಟಿ ಅಂದ್ರೆ ಅಧ್ಯಕ್ಷ ಜಯರಾಮಪ್ಪ. ರಿಟೈರಾದ ಡ್ರಿಲ್ ಮೇಷ್ಟ್ರು, ಆದ್ರೆ ಸೀಟಿ ಇನ್ನೂ ರಿಟೈರಾಗಿರಲಿಲ್ಲ, ಕೊರಳಲ್ಲೇ ನೇತಾಡ್ತಿತ್ತು.

ಎರಡನೇ ಬಹುಮಾನ ಒಂದು ಟೂ-ಇನ್-ಒನ್. ಅಂದ್ರೆ ರೇಡಿಯೋನೂ ಟೇಪೂ ಒಂದೇ ಡಬ್ಬೀಲಿ. ಮೊದಲನೇ ಬಹುಮಾನ ಕರೆಯೋ ಸೀಮೆಹಸು. ಹಸು ಕೊಡ್ತಿದ್ದೋರು ಬಂಗಾರಪೇಟೆ ಅಂಚಿನಲ್ಲಿ ದನದ ಫಾರಂ ಇಟ್ಟಿದ್ದ ದೊಡ್ಡವೆಂಕಟಪ್ಪ. ಮುಂದಿನ ಎಲೆಕ್ಷನ್‌ಗೆ ನಿಲ್ಲೋ ಮನಸ್ಸಿತ್ತು, ಹಾಗಾಗಿ ಓಟಕ್ಕೆ ಕೊಟ್ಟ ಹಸು ಓಟಾಗಿ ಕರೀಲಿ ಅನ್ನೋ ಲೆಕ್ಕ. ಆ ಫಾರಂನ ಕೊಟ್ಟಿಗೇಲಿ ಫ್ಯಾನಿತ್ತು, ಗೂಟಕ್ಕೊಂದು ರೇಡಿಯೋ ನೇತಾಕಿತ್ತು. ಸುತ್ತಲ ಹಳ್ಳಿಯೋರು ನೋಡಿ ಬಂದು, ಅಲ್ಲಿ ಹಸುವಾಗಿ ಹುಟ್ಟಿದ್ರೂ ಸಾಕು ಅಂತಿದ್ರು.

ಸೀಮೆಹಸು ಅಂದಿದ್ದೇ ಚಿಕ್ಕಮುನಿಯಪ್ಪನ ಹೆಂಡತಿ ಅನಸೂಯಮ್ಮ ನೆಟ್ಟಗೆ ಕೂತಳು. ಅವಳು ದಿನಾ ಕಂಡೋರ ಹೊಲಕ್ಕೆ ಕಳೆ ಕೀಳೋಕೆ ಹೋಗೋಳು. ಬಗ್ಗಿ ಬಗ್ಗಿ ಅವಳ ಸೊಂಟ ಕುಡುಗೋಲಾಗಿತ್ತು. ಮಾತು ಮಾತ್ರ ಚೂಪಾಗೇ ಉಳಿದಿತ್ತು.

"ಇಷ್ಟ್ ವರ್ಸ ಬರೀ ವ್ಯಾನಿಂದೆ ಓಡ್ದೆ, ಒಂದು ದಿನ ಅಸುವಿಂದೆ ಓಡು. ಆ ಅಸ ಮನೀಗ್ ಬಂದ್ರೆ ನಾನು ಇನ್ನೊಬ್ರ ಒಲ್ದಾಗೆ ಬಗ್ಗಾಕಿಲ್ಲ."

ಅದು ಆಸೆಯೋ ಆಜ್ಞೆಯೋ ಅಂತ ಚಿಕ್ಕಮುನಿಯಪ್ಪ ಕೇಳೋಕೆ ಹೋಗಲಿಲ್ಲ. ಅವನಿಗಿದ್ದ ಚಿಂತೆ ಒಂದೇ: ಹಾಡು. ದಿನಾ ರೈಲಲ್ಲಿ ಬೆಂಗಳೂರಿಗೆ ಫ್ಯಾಕ್ಟರಿ ಕೆಲಸಕ್ಕೆ ಹೋಗಿ ಬರೋ ಬಾಮೈದ ಶ್ರೀನಿವಾಸಪ್ಪ ಅದಕ್ಕೂ ದಾರಿ ತೋರಿಸಿದ. ಅವನ ಹತ್ತಿರ ವಾಕ್‌ಮನ್ ಅನ್ನೋದೊಂದಿತ್ತು. ಸೊಂಟಕ್ಕೆ ಸಿಕ್ಕಿಸಿಕೊಂಡು, ವೈರು ಕಿವಿಗೆ ಹಾಕಿಕೊಂಡ್ರೆ ಪಕ್ಕದೋನಿಗೆ ಕೇಳದಂಗೆ ಹಾಡು. ಚಿಕ್ಕಮುನಿಯಪ್ಪ ಅದನ್ನ ಹಾಕಿಕೊಂಡು ಕೆರೆ ಏರಿ ಮೇಲೆ ಓಡಿ ನೋಡಿದ. ಸೀನಪ್ಪನ ವ್ಯಾನು ಸೊಂಟದಲ್ಲೇ ಹೊರಟಂಗಾಯ್ತು.

ಸುದ್ದಿ ಜಯರಾಮಪ್ಪನ ಕಿವಿಗೂ ಬಿತ್ತು. ವೈರಿಲ್ಲದೇ ಬಿತ್ತು. ಕಮಿಟಿ ಕೂತು, ಓಡೋರು ಹಾಡು ಕೇಳಬಹುದೋ ಕೇಳಬಾರದೋ ಅಂತ ಎರಡು ರೌಂಡ್ ಬೋಂಡಾ ಕಾಫಿ ಮುಗಿಯೋವರೆಗೂ ಚರ್ಚೆ ಮಾಡ್ತು. ಕಿವಿ ಮುಚ್ಚಿಕೊಂಡೋನಿಗೆ ಲಾರಿ ಹಾರನ್ ಕೇಳಲ್ಲ ಅಂದ್ರು. ಇದ್ದಿದ್ದರಲ್ಲಿ ತೂಕದ ಮಾತು ಅದೊಂದೇ. ಅಧ್ಯಕ್ಷರ ಭಾಷಣ ಕೇಳಲ್ಲ ಅನ್ನೋದು ಇನ್ನೂ ದೊಡ್ಡ ಅಪಾಯವಾಗಿ ಕಂಡಿತು. ಹಾಡು ಕೇಳಿಕೊಂಡು ಓಡೋದು ಬೇರೆಯೋರ ಕೈಯಲ್ಲಿ ತಳ್ಳಿಸಿಕೊಂಡು ಓಡಿದಂಗೆ ಅಂತ ಒಬ್ಬರು. ವಾಕ್‌ಮನ್ ಅಂತ ಹೆಸರಲ್ಲೇ ಐತೆ, ಅದು ನಡೆಯೋನಿಗೆ ಮಾಡಿದ್ದು, ಓಡೋನಿಗಲ್ಲ ಅಂತ ಜಯರಾಮಪ್ಪ. ನಿಷೇಧ ಪಾಸಾಯ್ತು.

ಚಿಕ್ಕಮುನಿಯಪ್ಪ ಬಂಗಾರಪೇಟೆಗೇ ಹೋಗಿ, ಜಯರಾಮಪ್ಪನ ಮನೆ ಜಗುಲಿ ಕೆಳಗೆ ನಿಂತು ಕೈ ಮುಗಿದ. ತನ್ನ ಕಾಲಿನ ಕಥೆ, ವ್ಯಾನಿನ ಕಥೆ, ಮೋರಿ ಮೇಲೆ ಕೂತ ಕಥೆ ಎಲ್ಲಾ ಒಪ್ಪಿಸಿದ.

"ಕಿವೀಲ್ ಓಡ್ತೀಯೇನ್ಲಾ, ಕಾಲಲ್ ಓಡ್ತೀಯಾ?" ಅಂದ್ರು ಜಯರಾಮಪ್ಪ. "ರಾಗಿ ತಿನ್ನೋನಿಗೆ ರಾಗ ಯಾಕೆ?"

"ಮೇಷ್ಟ್ರೇ, ರಾಗಿ ಬೀಸೋವಾಗ್ಲೂ ನಮ್ಮೆಂಗಸ್ರು ಆಡೇಳ್ತಾರೆ. ಆಡಿಲ್ದೆ ಕಲ್ಲೂ ತಿರ್ಗಲ್ಲ, ನನ್ ಕಾಲೆಂಗ್ ಎದ್ದಾವು?"

ವಾದದಲ್ಲಿ ಸೋತಾಗ ಡ್ರಿಲ್ ಮೇಷ್ಟ್ರು ಏನು ಮಾಡ್ತಾರೋ ಜಯರಾಮಪ್ಪ ಅದನ್ನೇ ಮಾಡಿದ್ರು. ಸೀಟಿ ಊದಿದ್ರು.

ಓಟದ ದಿನ ನಂದಿದುರ್ಗದ ಮೈದಾನದಲ್ಲಿ ಮೊದಲು ಕಿವಿ ತಪಾಸಣೆ. ಜಯರಾಮಪ್ಪ ಸಾಲಾಗಿ ನಿಲ್ಲಿಸಿ ಒಂದೊಂದೇ ಕಿವಿ ತಿರುಚಿ ನೋಡಿದ್ರು. ಚಿಕ್ಕಮುನಿಯಪ್ಪನ ವಾಕ್‌ಮನ್ ಬಾಮೈದನ ಜೇಬಿಗೆ ವಾಪಸ್ಸು. ಶೀತ ಅಂತ ಹತ್ತಿ ಇಟ್ಟುಕೊಂಡಿದ್ದೋನ ಹತ್ತಿ ಹೋಯ್ತು, ಕಿವಿ ಸಂದೀಲಿ ಬೀಡಿ ಸಿಕ್ಕಿಸಿದ್ದೋನ ಬೀಡಿ ಹೋಯ್ತು, ದೇವಸ್ಥಾನದಿಂದ ಬಂದಿದ್ದ ಒಬ್ಬನ ಕಿವಿ ಮೇಲಿನ ಹೂವೂ ಹೋಯ್ತು. ಕಿವಿ ಮೇಲೆ ಹೂ ಇಡೋ ಹಕ್ಕು ಕಮಿಟಿಗೆ ಮಾತ್ರ.

ಗಣಿಯ ಸೈರನ್ ಕೂಗಿದಾಗ ಓಡಬೇಕು ಅಂತ ಆಜ್ಞೆ ಆಯ್ತು. ಸೈರನ್ ಕೂಗ್ತು. ನಂದಿದುರ್ಗದ ನಾಲ್ಕಾರು ಜನ ಅಭ್ಯಾಸಬಲದಿಂದ ಬಂಗಾರಪೇಟೆ ಬಿಟ್ಟು ಗಣಿ ಗೇಟಿನ ಕಡೆ ಓಡಿದ್ರು. ಶಿಫ್ಟ್ ಅಲ್ಲ, ಓಟ ಅಂತ ನೆನಪಾಗಿ ತಿರುಗೋ ಹೊತ್ತಿಗೆ ಉಳಿದೋರು ದೂಳಲ್ಲಿ ಮಾಯ. ಅದನ್ನ ನೋಡಿ ಚಿಕ್ಕಮುನಿಯಪ್ಪನಿಗೆ ನಗು ಬಂತು. ಅಭ್ಯಾಸ ಅನ್ನೋದು ತನ್ನನ್ನೂ ಎಲ್ಲಿಗೆ ಕರಕೊಂಡು ಹೋಗುತ್ತೆ ಅಂತ ಅವನಿಗಿನ್ನೂ ಗೊತ್ತಿರಲಿಲ್ಲ.

ಎಲ್ಲರಿಗಿಂತ ಮುಂದೆ ದೊರೈರಾಜು. ನಂದಿದುರ್ಗದ ಲೈನ್ ಮನೇಲಿರೋ ಗಣಿ ಕೆಲಸಗಾರ, ನೆಲದ ಒಳಗಿನ ಕಾವಿಗೆ ಬೆಂದ ಮೈ, ಮೇಲಿನ ಬಿಸಿಲು ಅವನಿಗೆ ನೆರಳು. ಚಿಕ್ಕಮುನಿಯಪ್ಪನ ಕಾಲಿಗೆ ಯಾರೋ ಬೀಸೋಕಲ್ಲು ಕಟ್ಟಿದಂಗಿತ್ತು. ಮನಸ್ಸಲ್ಲೇ ಹಾಡಿಕೊಳ್ಳೋಣ ಅಂತ ನೋಡಿದ. ಮನಸ್ಸಲ್ಲಿ ಹಾಡಿನ ಬದಲು ಅನಸೂಯಮ್ಮನ ಬಗ್ಗಿದ ಸೊಂಟ ಬಂತು. ಅದರಿಂದ ಕಣ್ಣು ಒದ್ದೆ ಆಯ್ತೇ ಹೊರತು ಕಾಲು ಏಳಲಿಲ್ಲ. ದೊರೈರಾಜು ಒಬ್ಬನ್ನ ಬಿಟ್ಟು ಮುಂದೆ ಇದ್ದೋರೆಲ್ಲ ಸೋಡಾ ಅಂಗಡಿ ಕಂಡು ಒಬ್ಬೊಬ್ಬರಾಗಿ ಕೂತ್ಕೊಂಡ್ರು. ತಾನೂ ಇನ್ನೇನು ಕೂರಬೇಕು, ಅಷ್ಟರಲ್ಲಿ ಹಿಂದಿನಿಂದ ಹಾಡು ಬಂತು.

ಕಮಿಟಿ ಜೀಪು. ಮೇಲೆ ಎರಡು ಕಹಳೆ ಮೈಕು, ಒಳಗೆ ಜಯರಾಮಪ್ಪ. ಅಧ್ಯಕ್ಷರು ಉಸಿರು ತಗೊಳ್ಳೋವಾಗ ಹಾಡು, ಹಾಡು ಮುಗಿದಾಗ ಅಧ್ಯಕ್ಷರು. ಓಡೋವಾಗ ಹಾಡು ಕೇಳೋದು ಯಾಕೆ ತಪ್ಪು ಅಂತ ಮೈಕಲ್ಲಿ ವಿವರಿಸಿ, ಈಗ ಒಂದು ಗೀತೆ ಅಂತ ಹಾಡು ಹಾಕ್ತಿದ್ರು. ಒಬ್ಬನ ಕಿವೀಲಿ ಹಾಡಿದ್ರೆ ಮೋಸ, ಊರಿನ ಕಿವೀಲಿ ಹಾಡಿದ್ರೆ ಪ್ರಚಾರ.

ಜೀಪು ಚಿಕ್ಕಮುನಿಯಪ್ಪನ ದಾಟಿ ಮುಂದೆ ಹೋಯ್ತು. ಅವನ ಕಾಲಿಗೆ ಇನ್ನೇನೂ ಹೇಳಬೇಕಾಗಿರಲಿಲ್ಲ. ಮುಂದೆ ಬಂಡಿ, ಬಂಡೀಲಿ ಹಾಡು, ಹಿಂದೆ ತಾನು. ಜನ್ಮದಲ್ಲಿ ಕಲಿತ ಒಂದೇ ವಿದ್ಯೆ. ಬಲಗೈ ತಾನಾಗೇ ಹೆಗಲ ಮೇಲೆ ಹೋಗಿ ಇಲ್ಲದ ಕ್ಯಾನು ಹಿಡಕೊಂಡಿತು. ಸೋಡಾ ಅಂಗಡಿ ಹಿಂದಾಯ್ತು, ಗೇರುಬೀಜದ ತೋಪು ಹಿಂದಾಯ್ತು, ಕೊನೆಗೆ ದೊರೈರಾಜೂ ಹಿಂದಾದ. ಬಂಗಾರಪೇಟೆ ಮೈದಾನದಲ್ಲಿ ಓಟ ಮುಗಿಯೋ ಕಡೆ ಅಡ್ಡಕ್ಕೆ ಟೇಪು ಹಿಡಿದು ನಿಂತಿದ್ದೋರು, ಜನ, ಜನರ ನಡುವೆ ಅನಸೂಯಮ್ಮ, ಎಲ್ಲಾ ಕಾಣೋಕೆ ಶುರುವಾಯ್ತು. ಆದ್ರೆ ಕಂಡಿದ್ದು ಕಣ್ಣಿಗೆ. ಕಾಲು ಇದ್ದಿದ್ದು ಕಿವಿಯ ಕೈಕೆಳಗೆ.

ಟೇಪು ಇನ್ನೊಂದು ಫರ್ಲಾಂಗ್ ಇರೋವಾಗ ಜೀಪು ಎಡಕ್ಕೆ ತಿರುಗಿಬಿಡ್ತು. ಬಹುಮಾನದ ಹಸುವನ್ನೂ ಅದನ್ನ ಕೊಡೋ ಧಣಿಯನ್ನೂ ಕರೆತರೋಕೆ ದೊಡ್ಡವೆಂಕಟಪ್ಪನ ಫಾರಂ ದಾರಿ ಹಿಡೀತು. ಚಿಕ್ಕಮುನಿಯಪ್ಪನೂ ಎಡಕ್ಕೆ ತಿರುಗಿದ. ಮೈದಾನದಲ್ಲಿದ್ದ ಜನ ಕೂಗಿದ್ದು ಹಾಡಿನ ಸದ್ದಲ್ಲಿ ಅವನಿಗೆ ಕೇಳಲಿಲ್ಲ. ಜಯರಾಮಪ್ಪ ಹೆದರಿದ್ದ ಅಪಾಯ ಹೀಗೆ ಜಯರಾಮಪ್ಪನ ಜೀಪಿಂದಲೇ ನಡೆದುಹೋಯ್ತು.

ಜೀಪು ನಿಂತಿತು, ಹಾಡೂ ನಿಂತಿತು. ಚಿಕ್ಕಮುನಿಯಪ್ಪ ಅಭ್ಯಾಸದಂತೆ ಕ್ಯಾನು ಇಳಿಸೋಕೆ ಹೆಗಲಿಗೆ ಕೈ ಹಾಕಿದ. ಕ್ಯಾನಿಲ್ಲ. ಮುಂದೆ ನೋಡಿದ್ರೆ ಕೊಟ್ಟಿಗೆ, ಗೂಟದಲ್ಲಿ ರೇಡಿಯೋ ಮೆಲ್ಲಗೆ ಹಾಡ್ತಾ ಇದೆ, ಅದರ ಕೆಳಗೆ ಕೊರಳಿಗೆ ಹಾರ ಹಾಕಿಸಿಕೊಂಡ ಕಪ್ಪು ಬಿಳಿ ಸೀಮೆಹಸು ಕಣ್ಣು ಅರೆಮುಚ್ಚಿ ಮೆಲುಕು ಹಾಕ್ತಾ ಇದೆ. ದೂರದ ಮೈದಾನದಲ್ಲಿ ಚಪ್ಪಾಳೆ ಕೇಳಿಸ್ತು. ದೊರೈರಾಜು ಟೇಪು ಹರಿದಿದ್ದ. ಚಿಕ್ಕಮುನಿಯಪ್ಪ ಹಸುವಿನ ಮುಂದೆಯೇ ಕುಸಿದು ಕೂತ. ಬಹುಮಾನದ ತನಕ ಎಲ್ಲರಿಗಿಂತ ಮೊದಲು ಬಂದಿದ್ದ, ಬಹುಮಾನ ಮಾತ್ರ ಬೇರೆಯೋನ ಪಾಲಾಗಿತ್ತು.

ಹಸುವನ್ನ ಜೀಪಿನ ಹಿಂದೆ ಕಟ್ಟಿ ಮೈದಾನಕ್ಕೆ ಹೊರಟ್ರು. ಮೈಕಲ್ಲಿ ಮತ್ತೆ ಹಾಡು. ಹಸು ಹಾಡಿಗೆ ಹೆಜ್ಜೆ ಹಾಕ್ತು, ಹಸುವಿನ ಹಿಂದೆ ಚಿಕ್ಕಮುನಿಯಪ್ಪನ ಕಾಲೂ ಎದ್ದಿತು. ಎರಡನೆಯೋನಿಗೆ ಅಂತ ಮೈದಾನದಲ್ಲಿ ಮತ್ತೊಂದು ಟೇಪು ಹಿಡಿದಿದ್ರು, ಯಾಕಂದ್ರೆ ಉಳಿದೋರೆಲ್ಲ ಇನ್ನೂ ಸೋಡಾ ಅಂಗಡೀಲೇ ಇದ್ರು. ಜೀಪು ದಾಟಲಿ ಅಂತ ಅದನ್ನ ಮೇಲೆತ್ತಿ ಮತ್ತೆ ಇಳಿಸಿದ್ರು. ಮೊದಲು ಹಸು ಹರೀತು, ಆಮೇಲೆ ಚಿಕ್ಕಮುನಿಯಪ್ಪ ದಾಟಿದ. ಹಾಗಾದ್ರೆ ಎರಡನೆಯೋರು ಯಾರು ಅಂತ ಗಲಾಟೆ ಎದ್ದಿತು. ಜಯರಾಮಪ್ಪ ಸೀಟಿ ಊದಿ, ಹಸು ಹಾಡು ಕೇಳಿಕೊಂಡು ಓಡಿರೋದರಿಂದ ಕಮಿಟಿ ರೂಲ್ಸ್ ಪ್ರಕಾರ ಅದು ಅನರ್ಹ ಅಂದ್ರು. ಅದೇ ಹಾಡಿಗೆ ಓಡಿದ ಚಿಕ್ಕಮುನಿಯಪ್ಪ ಯಾಕೆ ಅನರ್ಹ ಅಲ್ಲ ಅಂತ ಕೇಳೋಕೆ ಯಾರಿಗೂ ಹೊಳೀಲಿಲ್ಲ.

ಹೀಗೆ ಹಾಡು ನಿಷೇಧ ಮಾಡಿದ ಕಮಿಟಿ ಚಿಕ್ಕಮುನಿಯಪ್ಪನ ಕೈಗೆ ಟೂ-ಇನ್-ಒನ್ ಇಟ್ಟಿತು. ಅವನು ಅದನ್ನ ಹಿಡಕೊಂಡು ಅನಸೂಯಮ್ಮನ ಮುಂದೆ ನಿಂತ. "ಇದು ಎಷ್ಟ್ ಆಲ್ ಕರೀತೈತೆ?" ಅಂತ ಮಾತ್ರ ಕೇಳಿದಳು.

ಅತ್ತ ದೊರೈರಾಜು ಹಸುವಿನ ಹಗ್ಗ ಹಿಡಿದು, ದೊಡ್ಡವೆಂಕಟಪ್ಪನ ಪಕ್ಕ ನಿಂತು ಫೋಟೋ ತೆಗೆಸಿಕೊಂಡ. ಫೋಟೋದೋನು ಆಯ್ತು ಅಂದಿದ್ದೇ ಧಣಿ ಕಾರು ಹತ್ತಿದ್ರು. ದೊರೈರಾಜು ಸೀದಾ ಚಿಕ್ಕಮುನಿಯಪ್ಪನ ಹತ್ತಿರ ಬಂದ. ಅವನ ಕಣ್ಣು ಟೂ-ಇನ್-ಒನ್ ಮೇಲೆ.

"ಅಣ್ಣಾ, ನಮ್ ಲೈನ್ ಮನೇಲಿ ಮನುಷರ್‌ಗೇ ಕಾಲು ನೀಟೋಕೆ ಎಡ ಇಲ್ಲೆ. ಈ ಮಾಡ್ನ ಎಲ್ಲಿ ಕಟ್ಲಿ, ಕಟ್ಲು ಮೇಲಾ? ಆ ಪೊಟ್ಟಿ ನಂಗ್ ಕೊಡಣ್ಣಾ, ಮಾಡು ನೀ ಹಿಡ್ಕೋ."

ಮಾಡು ಅಂದ್ರೆ ಅವನ ತಮಿಳಲ್ಲಿ ದನ, ಎಡ ಅಂದ್ರೆ ಜಾಗ, ಕಟ್ಲು ಅಂದ್ರೆ ಮಂಚ, ಪೊಟ್ಟಿ ಅಂದ್ರೆ ಡಬ್ಬಿ. ಆದ್ರೆ ಅನಸೂಯಮ್ಮನಿಗೆ ಅರ್ಥ ಹೇಳೋರು ಬೇಕಾಗಲಿಲ್ಲ. ಗಂಡ ಬಾಯಿ ತೆರೆಯೋ ಮೊದಲೇ ಹಗ್ಗ ಅವಳ ಕೈಲಿತ್ತು. ಬಹುಮಾನ ಅದಲು ಬದಲು ಮಾಡೋದು ರೂಲ್ಸಿಗೆ ವಿರುದ್ಧ ಅಂತ ಜಯರಾಮಪ್ಪ ಬರೋಷ್ಟರಲ್ಲಿ ಹಸು ಕಾಮಸಮುದ್ರದ ರಸ್ತೇಲೂ ರೇಡಿಯೋ ಕೆಜಿಎಫ್ ಬಸ್ಸಲ್ಲೂ ಇತ್ತು.

ಆದ್ರೆ ಆ ಸಂಜೆ ಹಸು ಹಾಲು ಕೊಡಲಿಲ್ಲ. ಕೆಚ್ಚಲು ತುಂಬಿ ತೊಟ್ಟಿಕ್ಕೋಂಗಿದೆ, ಅನಸೂಯಮ್ಮ ಕೈ ಹಾಕಿದ್ರೆ ಸೊರ ಬಿಡಲ್ಲ, ಹಾಲು ಇಳಿಸಲ್ಲ, ಕಾಲು ಎತ್ತುತ್ತೆ. ಹಿಂಡಿ ಇಟ್ರು, ಬೆಲ್ಲ ಇಟ್ರು, ದೃಷ್ಟಿ ತೆಗೆದ್ರು. ಅವಳು ಬೀಸೋಕಲ್ಲಿನ ಪದ ಹೇಳಿ ನೋಡಿದಳು, ಹಸು ಕಿವಿ ಅಲ್ಲಾಡಿಸಿ ಸುಮ್ಮನಾಯ್ತು. ಶ್ರೀನಿವಾಸಪ್ಪ ವಾಕ್‌ಮನ್ ತಂದ, ಆದ್ರೆ ಆ ವೈರು ಹಸುವಿನ ಒಂದು ಕಿವಿಗೂ ಸಾಲಲಿಲ್ಲ. ಆಗ ಚಿಕ್ಕಮುನಿಯಪ್ಪನಿಗೆ ಫಾರಂನ ಗೂಟದ ರೇಡಿಯೋ ನೆನಪಾಯ್ತು. ಇದೂ ತನ್ನಂಥದೇ ಜೀವ, ಹಾಡಿಲ್ಲದೆ ಏಳಲ್ಲ, ಇಳಿಯಲ್ಲ. ಇದಕ್ಕೆ ಬೇಕಾಗಿದ್ದ ಡಬ್ಬಿಯನ್ನ ತಾವೇ ಕೆಜಿಎಫ್ ಬಸ್ಸು ಹತ್ತಿಸಿದ್ರು.

ಬೆಳಿಗ್ಗೆ ಅನಸೂಯಮ್ಮ ಕುಡುಗೋಲು ಹುಡುಕ್ತಾ ಇದ್ದಳು, ಕಂಡೋರ ಹೊಲಕ್ಕೆ ಹೋಗೋಕೆ. ಆಗ ದೂರದಲ್ಲಿ ಸೀನಪ್ಪನ ಹಾಡು ಕೇಳಿಸ್ತು. ಹಸುವಿನ ಕಿವಿ ನಿಮಿರಿತು. ವ್ಯಾನ್ ಮನೆ ಮುಂದೆ ಬರೋಷ್ಟರಲ್ಲಿ ಕೆಚ್ಚಲಿಂದ ತಾನಾಗೇ ಹನಿ ಬಿತ್ತು. ಅನಸೂಯಮ್ಮ ಕುಡುಗೋಲು ಬಿಸಾಡಿ ಬಿಂದಿಗೆ ಹಿಡಿದು ಕೂತಳು.

"ಸೀನಣ್ಣ, ನಿಲ್ಸು," ಅಂದ ಚಿಕ್ಕಮುನಿಯಪ್ಪ. "ಆಡು ಮಾತ್ರ ನಿಲ್ಲಿಸ್‌ಬ್ಯಾಡ."

ಸೀನಪ್ಪ ತನ್ನ ಶಿಸ್ತಿನ ಬಗ್ಗೆ ಹೇಳೋಕೆ ತಲೆ ಹೊರಗೆ ಹಾಕಿದ. ಬಿಂದಿಗೆ ತುಂಬಿ ನೊರೆ ಉಕ್ಕೋದು ಕಾಣಿಸ್ತು. ಚೊಂಬು ಹಾಲಿಗೆ ಒಂದು ದಿನವೂ ಕಾಯದಿದ್ದ ಶಿಸ್ತು ತುಂಬಿದ ಬಿಂದಿಗೆ ನೋಡಿ ಇಂಜಿನ್ ಆಫ್ ಮಾಡ್ತು.

ಅವತ್ತಿನಿಂದ ಚಿಕ್ಕಮುನಿಯಪ್ಪ ಓಡೋದು ನಿಂತಿತು, ವ್ಯಾನು ಅವನ ಬಾಗಿಲಲ್ಲಿ ನಿಲ್ಲೋಕೆ ಶುರುವಾಯ್ತು. ಎಷ್ಟೋ ದಿನ ಕರೆದು ಮುಗಿಯೋ ಮೊದಲೇ ಹಾಡು ಮುಗೀತದೆ, ಹಸು ಕಾಲು ಎತ್ತುತ್ತೆ. ಆಗ ಒಳಗಿನಿಂದ ಅನಸೂಯಮ್ಮನ ದನಿ ಬರ್ತದೆ, ಯಾರಿಗೂ ಕಾಯದ ಸೀನಪ್ಪ ಓಡೋಡಿ ಹೋಗಿ ಕ್ಯಾಸೆಟ್ ತಿರುವಿ ಹಾಕ್ತಾನೆ.